ಗಾಳಿ ಕೊಳವೆಗೆ ಎಂಥ ಟೋಪಿ?

ಬಚ್ಚಲುಮನೆಯ ಗಾಳಿ ಜಾಲರಿಗೆ ಒಂದು ತೆಳು ಕಾಗದದ ಚೂರು ಹಿಡಿದು ನೋಡಿ. ಫ್ಯಾನ್ ಹಾಕಬೇಡಿ. ಕೊಳವೆ ತಾನಾಗಿಯೇ ಗಾಳಿ ಎಳೆಯುತ್ತಿದ್ದರೆ ಕಾಗದ ಮೆಲ್ಲಗೆ ಜಾಲರಿಯ ಕಡೆ ವಾಲುತ್ತದೆ. ಸ್ವಲ್ಪ ದಪ್ಪ ಕಾಗದವಾದರೆ ಅಲುಗುವುದೇ ಇಲ್ಲ.

ಆ ಎಳೆತ ಅಷ್ಟು ಸಣ್ಣದು. ಒಳಗಿನ ಬೆಚ್ಚಗಿನ ಗಾಳಿ ಹೊರಗಿನ ಗಾಳಿಗಿಂತ ಹಗುರ, ಅದಕ್ಕೇ ಮೇಲೇರುತ್ತದೆ. ಕೊಳವೆ 10 ಮೀಟರ್ ಎತ್ತರ ಇದ್ದು, ಒಳಗೆ ಹೊರಗಿಗಿಂತ 10 ಡಿಗ್ರಿ ಜಾಸ್ತಿ ಇದ್ದರೂ ಸಿಗುವ ಒತ್ತಡ ಸುಮಾರು 4 ಪ್ಯಾಸ್ಕಲ್. ಅಷ್ಟೇ ಬಲದಲ್ಲಿ ಸ್ಟ್ರಾದಿಂದ ನೀರು ಎಳೆದರೆ ನೀರು ಅರ್ಧ ಮಿಲಿಮೀಟರ್ ಕೂಡ ಏರುವುದಿಲ್ಲ.

ಇಂಥ ಕೊಳವೆಯ ಬಾಯಿಗೆ ನಾವು ಟೋಪಿ ಹಾಕುತ್ತೇವೆ. ಕಟ್ಟಡದ ಕೆಲಸದವರ ಮಾತಿನಲ್ಲಿ ಅದು ಕೌಲ್. ಮಳೆ ಒಳಗೆ ಬರಬಾರದು, ಹಕ್ಕಿ ಗೂಡು ಕಟ್ಟಬಾರದು, ಗಾಳಿ ಹಿಂದಕ್ಕೆ ನುಗ್ಗಬಾರದು. ಆದರೆ ಆ 4 ಪ್ಯಾಸ್ಕಲ್ ಉಳಿಯಬೇಕು. ಟೋಪಿ ಆರಿಸುವಾಗ ಮೊದಲು ನೋಡಬೇಕಾದ್ದು ಇದನ್ನೇ. ಎಷ್ಟೋ ಮನೆಗಳಲ್ಲಿ ಮಳೆಯನ್ನಷ್ಟೇ ನೋಡಿ ಟೋಪಿ ತರುತ್ತಾರೆ. ನೀರೂ ಬರುವುದಿಲ್ಲ, ಗಾಳಿಯೂ ಹೋಗುವುದಿಲ್ಲ.

ಎಲ್ಲರಿಗೂ ಗೊತ್ತಿರುವುದು ಕೊಳವೆಯ ಮೇಲೆ ಮೂರು ಕಾಲಿನ ಮೇಲೆ ನಿಂತ ತಗಡಿನ ಶಂಕು. ಇದರ ಲೆಕ್ಕ ಒಮ್ಮೆ ಮಾಡಿ ನೋಡೋಣ. ಕೊಳವೆಯ ವ್ಯಾಸ 150 ಮಿ.ಮೀ. ಅಂತಿಟ್ಟುಕೊಳ್ಳಿ. ಶಂಕುವಿಗೂ ಕೊಳವೆಗೂ ನಡುವೆ ಸುತ್ತಲಿನ ಸಂದಿಯ ಜಾಗ ಕೊಳವೆಯ ಬಾಯಿಯಷ್ಟೇ ಇರಬೇಕಾದರೆ ಸಂದಿ ವ್ಯಾಸದ ಕಾಲು ಭಾಗ, ಅಂದರೆ ಸುಮಾರು 38 ಮಿ.ಮೀ. ಇರಲೇಬೇಕು. ಗಾಳಿ ಅಲ್ಲಿ ತಿರುಗಿಕೊಂಡು ಹೋಗಬೇಕಲ್ಲ, ಅದಕ್ಕೆ ಅರ್ಧ ವ್ಯಾಸ, 75 ಮಿ.ಮೀ. ಬಿಡುವುದು ಒಳ್ಳೆಯದು. ಈಗ ಮಳೆ. 1 ಮಿ.ಮೀ. ಗಾತ್ರದ ಹನಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಬೀಳುತ್ತದೆ. ಅಡ್ಡಗಾಳಿ ಸೆಕೆಂಡಿಗೆ 10 ಮೀಟರ್ ಇದ್ದರೆ ಹನಿ 75 ಮಿ.ಮೀ. ಇಳಿಯುವಷ್ಟರಲ್ಲಿ ಪಕ್ಕಕ್ಕೆ 188 ಮಿ.ಮೀ. ಸರಿದಿರುತ್ತದೆ. ಅದನ್ನು ತಡೆಯಬೇಕಾದರೆ ಟೋಪಿಯ ಅಂಚು ಸುತ್ತಲೂ ಅಷ್ಟು ಹೊರಗೆ ಚಾಚಿರಬೇಕು. 150ರ ಕೊಳವೆಗೆ ಅರ್ಧ ಮೀಟರಿಗೂ ಅಗಲದ ಕೊಡೆ! ಬಿರುಗಾಳಿಗೆ ಅದು ನಿಲ್ಲುವುದು ಕಷ್ಟ. ಹಾಗಂತ ಅಂಚನ್ನು ಚಿಕ್ಕದು ಮಾಡಿ ಸಂದಿಯನ್ನೂ ಕಿರಿದು ಮಾಡಿದರೆ ಉಸಿರೇ ಕಟ್ಟುತ್ತದೆ.

ಇದಕ್ಕೆ ಸಿಕ್ಕ ಜಾಣ ಉತ್ತರ ಅಂದರೆ ಸಂದಿಯ ಸುತ್ತ ಇನ್ನೊಂದು ಬಳೆ. ಕೊಳವೆಗಿಂತ ದೊಡ್ಡದಾದ ಚಿಕ್ಕ ಡಬ್ಬಿ, ಮೇಲೆ ಕೆಳಗೆ ತೆರೆದದ್ದು. ಅಡ್ಡ ಮಳೆ ಆ ಬಳೆಯ ಹೊರಮೈಗೆ ಬಡಿದು ಕೆಳಗಿಳಿದು ಹೋಗುತ್ತದೆ. ಗಾಳಿ ಬಳೆಯ ಮೇಲೂ ಕೆಳಗೂ ಹರಿದು ಒಳಗಿನದನ್ನು ಹೊರಕ್ಕೆ ಎಳೆಯುತ್ತದೆ. ರಷ್ಯಾದಲ್ಲಿ 1918ರಲ್ಲಿ ವಿಮಾನ ಸಂಶೋಧನೆಗೆಂದು ಶುರುವಾದ ತ್ಸಾಗಿ ಸಂಸ್ಥೆಯ ಹೆಸರಿನ ಡಿಫ್ಲೆಕ್ಟರ್ ಇದೇ ಜಾತಿಯದು. ಫ್ಯಾನ್ ಇಲ್ಲದ ಕೊಳವೆಗೆ ನಾನು ಮೊದಲು ಸೂಚಿಸುವುದು ಇಂಥದ್ದನ್ನೇ.

ಗಾಳಿ ಎಳೆಯುತ್ತದೆ ಅಂದೆ. ಅದೇ ಗಾಳಿ ತಳ್ಳಲೂಬಹುದು. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿಯನ್ನು ಎದುರಿಗೆ ತಡೆದರೆ ಸುಮಾರು 15 ಪ್ಯಾಸ್ಕಲ್ ಒತ್ತಡ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು, 60 ಪ್ಯಾಸ್ಕಲ್. ನಮ್ಮ 4 ಪ್ಯಾಸ್ಕಲ್ ಇದರ ಮುಂದೆ ಎಲ್ಲಿ ನಿಲ್ಲಬೇಕು? ಗಾಳಿ ಬಾಯಿಯ ಪಕ್ಕದಿಂದ ಹಾದುಹೋದರೆ ಎಳೆತ, ಬಾಯೊಳಗೆ ನುಗ್ಗಿದರೆ ತಳ್ಳಾಟ. ಉತ್ತರ ಅಮೆರಿಕದ ಹುಲ್ಲುಗಾವಲಿನ ಪ್ರೇರಿ ಡಾಗ್ ಎಂಬ ಪುಟ್ಟ ಪ್ರಾಣಿ ಇದನ್ನು ಬಳಸಿಕೊಂಡಿದೆ. ಬಿಲದ ಒಂದು ಬಾಯಿಗೆ ತಗ್ಗು ದಿಬ್ಬ, ಇನ್ನೊಂದಕ್ಕೆ ಎತ್ತರದ, ಅಂಚು ಚೂಪಾದ ದಿಬ್ಬ. ಮೆಲುಗಾಳಿ ಬೀಸಿದರೂ ಸಾಕು, ತಗ್ಗು ಬಾಯಿಂದ ಗಾಳಿ ಒಳಹೋಗಿ ಎತ್ತರದ ಬಾಯಿಂದ ಹೊರಬರುತ್ತದೆ. ಸಂಶೋಧಕರು 1973ರಲ್ಲಿ ಇದನ್ನು ವಿವರಿಸಿದರು.

ಅದಕ್ಕೇ ಟೋಪಿಯ ಮಾದರಿಯಷ್ಟೇ ಮುಖ್ಯ ಅದು ನಿಲ್ಲುವ ಜಾಗ. 1785ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹಡಗಿನಲ್ಲಿ ಕೂತು, ಹೊಗೆ ಹಿಂದೆ ಬರುವ ಚಿಮಣಿಗಳ ಬಗ್ಗೆ ಉದ್ದದ ಪತ್ರ ಬರೆದರು. ಪಕ್ಕದಲ್ಲಿ ಎತ್ತರದ ಕಟ್ಟಡವೋ ಗುಡ್ಡವೋ ಇದ್ದರೆ, ಅದನ್ನು ದಾಟಿದ ಗಾಳಿ ಅಣೆಕಟ್ಟೆಯಿಂದ ನೀರು ಧುಮುಕಿದ ಹಾಗೆ ಚಿಮಣಿಯ ಮೇಲೆ ಬೀಳುತ್ತದೆ ಅಂತ ಅದರಲ್ಲಿದೆ. ಇವತ್ತಿಗೂ ಅದೇ ಸತ್ಯ. ಪ್ಯಾರಪೆಟ್ ಗೋಡೆಯ ಮರೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಗಿಡ್ಡ ಕೊಳವೆ ನಿಲ್ಲಿಸಿದರೆ ಗಾಳಿ ಅಲ್ಲೇ ಸುಳಿ ಸುತ್ತುತ್ತದೆ. ಒಳ್ಳೆಯ ಟೋಪಿಯೂ ಅಲ್ಲಿ ಸೋಲುತ್ತದೆ. ಕೊಳವೆಯನ್ನು ಗೋಡೆಗಿಂತ ಎತ್ತರಿಸಿ, ಇಳಿಜಾರು ಚಾವಣಿಯಾದರೆ ಸಾಧ್ಯವಾದಷ್ಟು ಶಿಖರದ ಹತ್ತಿರ ತನ್ನಿ. ಹೊಸ ಗಾಳಿ ಒಳಬರುವ ಕಿಂಡಿಯಿಂದ 3 ಮೀಟರಾದರೂ ದೂರ ಇರಲಿ.

ಗಾಳಿಗೆ ತಾನೇ ತಿರುಗುವ ರೆಕ್ಕೆಗಳ ಟೋಪಿ, ಅಂದರೆ ಟರ್ಬೋ ವೆಂಟಿಲೇಟರ್, ನೋಡಲು ಖುಷಿ. ಗಾಳಿ ಚೆನ್ನಾಗಿ ಬೀಸುವ ಕಡೆ, ದೊಡ್ಡ ಶೆಡ್ಡಿಗೆ ಅದು ಒಳ್ಳೆಯದೇ. ಆದರೆ ಗಾಳಿ ನಿಂತ ದಿನ ಅದರ ರೆಕ್ಕೆಗಳೇ ದಾರಿಗೆ ಅಡ್ಡ. ಬೇರಿಂಗ್ ಸವೆದರೆ ರಾತ್ರಿಯೆಲ್ಲ ಕಿರುಗುಡುತ್ತದೆ. ಹತ್ತಿ ನೋಡಿಕೊಳ್ಳಲು ಆಗದ ಜಾಗಕ್ಕೆ ಬೇಡ.

ಜೋರಾದ ಫ್ಯಾನ್ ಇರುವ ಕೊಳವೆಯದು ಬೇರೆಯೇ ಕಥೆ. ಅಲ್ಲಿ ಶಂಕುವಿನ ಟೋಪಿ ಹಾಕಿದರೆ ಕೊಳಕು ಗಾಳಿ ಅದಕ್ಕೆ ಬಡಿದು ವಾಪಸ್ ತಾರಸಿಗೇ ಇಳಿಯುತ್ತದೆ. ಹಾಗಾಗಿ ದೊಡ್ಡ ಅಡುಗೆಮನೆ, ಲ್ಯಾಬುಗಳಲ್ಲಿ ಟೋಪಿಯೇ ಇಲ್ಲದ ತಲೆ ಇಡುತ್ತಾರೆ. ಕೊಳವೆಯ ತುದಿಗೆ ತುಸು ಅಗಲದ ಇನ್ನೊಂದು ಕೊಳವೆ ತೊಡಿಸಿ, ನಡುವೆ ಸಂದಿ ಬಿಟ್ಟಿರುತ್ತಾರೆ. ಮಳೆ ನೇರ ಬೀಳುವುದು ಅಪರೂಪ ಅಲ್ವಾ? ಓರೆಯಾಗಿ ಬಂದ ಹನಿ ಹೊರ ಕೊಳವೆಯ ಒಳಗೋಡೆಗೆ ತಾಗಿ, ಜಾರಿ, ಸಂದಿಯಿಂದ ಹೊರಗೆ ಸುರಿಯುತ್ತದೆ. ಫ್ಯಾನ್ ಓಡುವಾಗ ಗಾಳಿ ಸೆಕೆಂಡಿಗೆ 13 ಮೀಟರ್ ವೇಗದಲ್ಲಿ ಹೊರಬಂದರೆ ಹನಿ ಒಳಗೆ ಬೀಳಲಾರದು. ದಪ್ಪ ಹನಿ ಬೀಳುವ ವೇಗವೇ ಸುಮಾರು 9 ಮೀಟರ್. ಉಳಿದ ಅಷ್ಟಿಷ್ಟು ನೀರಿಗೆ ಬುಡದಲ್ಲಿ ಒಂದು ತೂತು.

ಗ್ಯಾಸ್ ಗೀಸರಿನ ಹೊಗೆ ಕೊಳವೆಗೆ ಮಾತ್ರ ಸಿಕ್ಕಿದ ಟೋಪಿ ಹಾಕಲೇಬೇಡಿ. ಆ ಯಂತ್ರಕ್ಕೆ ಅಂತಲೇ ಮಾಡಿದ್ದೇ ಆಗಬೇಕು. ಹೊಗೆ ಹಿಂದೆ ಬಂದರೆ ವಾಸನೆ, ಬಣ್ಣ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ.

ಜಾಲರಿಯ ವಿಷಯ ಚಿಕ್ಕದು. ಹಕ್ಕಿಗೆ 12 ಮಿ.ಮೀ. ಕಣ್ಣಿನದು ಸಾಕು. ಸೊಳ್ಳೆ ಜಾಲರಿ ಹಾಕಿದರೆ ಧೂಳು, ಎಣ್ಣೆ ಜಿಡ್ಡು ಕಟ್ಟಿ ಕೆಲವೇ ತಿಂಗಳಲ್ಲಿ ಬಾಯಿ ಮುಚ್ಚಬಹುದು. ಬಟ್ಟೆ ಒಣಗಿಸುವ ಯಂತ್ರದ ಕೊಳವೆಗಂತೂ ಜಾಲರಿಯೇ ಬೇಡ. ನೂಲಿನ ಜೂಲು ತುಂಬಿ ಬೆಂಕಿಗೆ ದಾರಿಯಾಗುತ್ತದೆ.

ಇನ್ನು ಕೂರಿಸುವುದು. ಬಹಳಷ್ಟು ಸೋರಿಕೆ ಟೋಪಿಯದ್ದಲ್ಲ, ಬುಡದ್ದು. ಸಮತಟ್ಟು ತಾರಸಿಯಲ್ಲಿ ಕೊಳವೆಯ ಸುತ್ತ ಕಟ್ಟೆ ಕಟ್ಟಿ, ನೀರು ತಡೆಯುವ ಪದರವನ್ನು ಅದರ ಮೇಲೆ 150 ಮಿ.ಮೀ. ತನಕ ಹತ್ತಿಸಬೇಕು. ಹೆಂಚಿನ ಚಾವಣಿಯಲ್ಲಿ ಕೊಳವೆಯ ಬುಡದ ಸುತ್ತ ನೀರು ತಡೆಯುವ ಫ್ಲ್ಯಾಶಿಂಗ್ ತಗಡಿನ ಮೇಲಂಚು ಹೆಂಚಿನ ಅಡಿಗೆ, ಕೆಳಂಚು ಹೆಂಚಿನ ಮೇಲಕ್ಕೆ ಬರಬೇಕು. ಸುಮ್ನೆ ಸಿಲಿಕೋನ್ ಮೆತ್ತಿದರೆ ಕ್ರಮೇಣ ಅಂಟು ಬಿಡುತ್ತದೆ. ತಗಡಿನ ಜೋಡಣೆಯೇ ನೀರು ತಡೆಯಬೇಕು, ಸಿಲಿಕೋನ್ ಅದಕ್ಕೆ ಬರೀ ಜೊತೆಗಾರ. ಸಮುದ್ರದ ಹತ್ತಿರವಾದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆರಿಸಿ. ಅಲ್ಯೂಮಿನಿಯಂ ಟೋಪಿಗೆ ಸಾದಾ ಕಬ್ಬಿಣದ ಸ್ಕ್ರೂ ಹಾಕಬೇಡಿ, ಉಪ್ಪು ಗಾಳಿಯಲ್ಲಿ ಎರಡೂ ಕೆಡುತ್ತವೆ.

ಟೋಪಿಯ ಕತ್ತು ಕೊಳವೆಯ ಹೊರಗೆ ಕೂರಬೇಕು, ಮಳೆನೀರು ಒಂದರ ಮೇಲೊಂದು ಹೆಂಚಿನಂತೆ ಜಾರಿ ಹೋಗಲಿ ಅಂತ. ಆದರೆ ಕೊಳವೆಯ ಒಳಗಿನ ಜೋಡಣೆಗಳು ತಿರುಗುಮುರುಗು. ಮೇಲಿನ ತುಂಡು ಕೆಳಗಿನ ತುಂಡಿನ ಒಳಗಿರಬೇಕು. ಯಾಕೆಂದರೆ ಒಳಗೂ ನೀರು ಹುಟ್ಟುತ್ತದೆ. ಪೂರ್ತಿ ತೇವ ತುಂಬಿದ 30 ಡಿಗ್ರಿಯ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 30 ಗ್ರಾಂ ನೀರಾವಿ ಇರುತ್ತದೆ. 15 ಡಿಗ್ರಿಗೆ ತಣಿದರೆ ಹಿಡಿಯುವುದು 13 ಗ್ರಾಂ ಮಾತ್ರ. ಉಳಿದದ್ದು ತಣ್ಣನೆಯ ತಗಡಿನ ಮೇಲೆ ಹನಿಯಾಗಿ ಕೆಳಗಿಳಿಯುತ್ತದೆ.

ಹಾಗಾಗಿ ಫ್ಯಾನಿನಿಂದ ನೀರು ತೊಟ್ಟಿಕ್ಕಿದರೆ ಏಣಿ ತರುವ ಮುಂಚೆ ಹೊರಗೆ ನೋಡಿ. ಮಳೆ ಇಲ್ಲದ ಚಳಿಯ ಬೆಳಗ್ಗೆ, ಬಿಸಿನೀರಿನ ಸ್ನಾನವಾದ ಮೇಲೆ ತೊಟ್ಟಿಕ್ಕಿದರೆ ಟೋಪಿ ಬದಲಿಸಿ ಏನೂ ಆಗದು. ಚಾವಣಿಯ ಕೆಳಗಿನ ತಣ್ಣನೆಯ ಜಾಗದಲ್ಲಿ ಹಾದುಹೋಗುವ ಕೊಳವೆಗೆ ಶಾಖ ತಡೆಯುವ ಹೊದಿಕೆ ಸುತ್ತಿಸಿ. ಆಮೇಲೆ ಮತ್ತೊಮ್ಮೆ ಆ ತೆಳು ಕಾಗದವನ್ನು ಜಾಲರಿಗೆ ಹಿಡಿಯಿರಿ. ಬೆಚ್ಚಗಿರುವ ಕೊಳವೆ ಜಾಸ್ತಿ ಎಳೆಯುತ್ತದೆ.