ಪಾರ್ಕಿನ್ಸನ್ಸ್‌ಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಮಾಡಿಸಬಹುದೇ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಏಳು ವರ್ಷದಿಂದ ಪಾರ್ಕಿನ್ಸನ್ಸ್ ಇದೆ. ಈಗ ಮಾತ್ರೆಯ ಪರಿಣಾಮ ಮೂರು ಗಂಟೆಗೇ ಇಳಿದುಹೋಗುತ್ತದೆ. ಬೆನ್ನಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ವಾಸಿಯಾಗುತ್ತದೆ ಎಂದು ಒಂದು ಕ್ಲಿನಿಕ್‌ನವರು ಹೇಳಿದರು. ಲಕ್ಷಗಟ್ಟಲೆ ಖರ್ಚು. ಜಪಾನಿನಲ್ಲಿ ಯಶಸ್ವಿಯಾದ ಸುದ್ದಿಯನ್ನೂ ತೋರಿಸಿದರು. ಅಡಿಕೆ ತೋಟ ಅಡವಿಟ್ಟಾದರೂ ಮಾಡಿಸಬಹುದೇ?
— ಓದುಗರು, ಬ್ರಹ್ಮಾವರ

ಉತ್ತರ: ತೋಟ ಅಡವಿಡಬೇಡಿ. ಜಪಾನಿನ ಸುದ್ದಿ ನಿಜ. ಆದರೆ ಅಲ್ಲಿ ಬಳಸಿದ ಕೋಶ ಬೇರೆ, ಅದನ್ನು ಹಾಕಿದ ಜಾಗವೂ ಬೇರೆ. ಆ ಸುದ್ದಿ ತೋರಿಸಿ ನಿಮಗೆ ಇನ್ನೊಂದನ್ನು ಮಾರುತ್ತಿದ್ದಾರೆ.

ಪಾರ್ಕಿನ್ಸನ್ಸ್‌ನಲ್ಲಿ ಮಿದುಳಿನ ಬುಡದ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗದಲ್ಲಿ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳು ಸಾಯುತ್ತವೆ. ಅವುಗಳ ಎಳೆಗಳು ಮೇಲಿನ ಪ್ಯುಟಾಮೆನ್ ಎಂಬ ಭಾಗಕ್ಕೆ ಡೋಪಮೈನ್ ಒದಗಿಸುತ್ತಿರುತ್ತವೆ. ಅದು ಕಡಿಮೆಯಾದಾಗ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ.

ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಜುನ್ ತಕಾಹಾಶಿ ಅವರ ತಂಡ ಆರೋಗ್ಯವಂತ ದಾನಿಯ ರಕ್ತಕೋಶಗಳನ್ನು ಐಪಿಎಸ್ ಕೋಶಗಳಾಗಿ, ಎಂದರೆ ದೇಹದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳಾಗಿ ಬದಲಾಯಿಸಿ, ಅವುಗಳಿಂದ ಎಳೆಯ ಡೋಪಮೈನ್ ನರಕೋಶಗಳನ್ನು ಬೆಳೆಸಿತು. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಸ್ಕ್ಯಾನ್ ನೋಡಿ ಗುರುತಿಟ್ಟ ದಾರಿಯಲ್ಲೇ ತೆಳು ಸೂಜಿ ಇಳಿಸಿ ಅವನ್ನು ನೇರ ಪ್ಯುಟಾಮೆನ್‌ಗೆ ಬಿಟ್ಟರು. ಎರಡೂ ಬದಿ ಸೇರಿ ಒಬ್ಬರಿಗೆ ಸುಮಾರು 50 ಲಕ್ಷದಿಂದ 1 ಕೋಟಿ ಕೋಶ. ನೇಜಿ ನೆಟ್ಟ ಮರುದಿನವೇ ತೆನೆ ಬಾರದ ಹಾಗೆ, ಈ ಕೋಶಗಳು ಬೇರೂರಿ ಎಳೆ ಚಾಚಿ ಡೋಪಮೈನ್ ಸ್ರವಿಸಲು ತಿಂಗಳುಗಟ್ಟಲೆ ಬೇಕು. ದೇಹ ಅವನ್ನು ಹೊರಗಿನವೆಂದು ತಿರಸ್ಕರಿಸದಿರಲಿ ಎಂದು ಟ್ಯಾಕ್ರೋಲಿಮಸ್ ಎಂಬ ಮದ್ದನ್ನೂ ಕೊಟ್ಟರು. ಅದು ಮೂತ್ರಪಿಂಡಕ್ಕೆ ಹೊರೆ, ಸಕ್ಕರೆ ಏರಿಸಬಹುದು, ಸೋಂಕು ತಗಲುವುದೂ ಸುಲಭ.

2025ರ ಏಪ್ರಿಲ್‌ನಲ್ಲಿ ಫಲಿತಾಂಶ ಹೊರಬಂತು. ಕಸಿ ಮಾಡಿಸಿಕೊಂಡವರು 7 ಮಂದಿ, ಎಲ್ಲರೂ 50ರಿಂದ 69 ವರ್ಷದೊಳಗಿನವರು. ಎರಡು ವರ್ಷ ಗಮನಿಸಿದಾಗ ಗಂಭೀರ ಅಪಾಯ ಕಾಣಲಿಲ್ಲ, ಗಡ್ಡೆ ಬೆಳೆಯಲಿಲ್ಲ. ಪರಿಣಾಮ ಅಳೆದ 6 ಮಂದಿಯಲ್ಲಿ 4 ಮಂದಿಗೆ, ಮಾತ್ರೆಯ ಪರಿಣಾಮ ಇಳಿದ ಹೊತ್ತಿನ ಚಲನೆ ಸುಧಾರಿಸಿತು. ಅಮೆರಿಕ ಮತ್ತು ಕೆನಡಾದಲ್ಲಿ 12 ಮಂದಿಗೆ ಭ್ರೂಣದ ಸ್ಟೆಮ್ ಸೆಲ್‌ನಿಂದ ಬೆಳೆಸಿದ ನರಕೋಶ ಹಾಕಿದ ಪ್ರಯೋಗದ ವರದಿಯೂ ಅದೇ ತಿಂಗಳು ಬಂತು. ಅಲ್ಲೂ ಆಶಾದಾಯಕ ಫಲಿತಾಂಶವೇ. ಇಷ್ಟೊಂದು ವರ್ಷಗಳ ಬಳಿಕ ಈ ಕಾಯಿಲೆಯ ಮಟ್ಟಿಗೆ ಬಂದ ನಿಜವಾದ ಒಳ್ಳೆಯ ಸುದ್ದಿ ಇದು ಎಂದು ನಾವು ನಂಬುತ್ತೇವೆ.

ಆದರೂ 7, 12 ಎಂಬುದು ಸಣ್ಣ ಸಂಖ್ಯೆ. ಹೋಲಿಸಿ ನೋಡಲು ಹುಸಿ ಶಸ್ತ್ರಚಿಕಿತ್ಸೆಯ (ಕೋಶ ಹಾಕದೆ, ಹಾಕಿದಂತೆ ತೋರಿಸುವ) ಗುಂಪು ಈ ಎರಡರಲ್ಲೂ ಇರಲಿಲ್ಲ. ಪಾರ್ಕಿನ್ಸನ್ಸ್‌ನಲ್ಲಿ ಅದು ದೊಡ್ಡ ಕೊರತೆ. ಚಿಕಿತ್ಸೆ ಸಿಕ್ಕಿತೆಂಬ ನಂಬಿಕೆಯಿಂದಲೇ ಮಿದುಳು ಡೋಪಮೈನ್ ಬಿಡುಗಡೆ ಮಾಡುತ್ತದೆ, ರೋಗಿ ನಿಜಕ್ಕೂ ಕೆಲವು ವಾರ ಚುರುಕಾಗುತ್ತಾರೆ. ಕ್ಲಿನಿಕ್‌ಗಳ ವಿಡಿಯೋಗಳಲ್ಲಿ ಎದ್ದು ನಡೆಯುವವರು ಸುಳ್ಳು ಹೇಳುತ್ತಿಲ್ಲ. ಆರು ತಿಂಗಳ ಬಳಿಕ ಅವರು ಹೇಗಿದ್ದಾರೆ ಎಂದು ಕೇಳಿ.

ಹಿಂದೆ ಪೆಟ್ಟು ತಿಂದದ್ದೂ ಇದೆ. ಗರ್ಭಸ್ಥ ಶಿಶುವಿನ ಮಿದುಳಿನ ಅಂಗಾಂಶ ಕಸಿ ಮಾಡಿದ ಅಮೆರಿಕದ ಪ್ರಯೋಗವೊಂದರ ವರದಿ 2001ರಲ್ಲಿ ಬಂದಾಗ, ಕಸಿಯಾದವರಲ್ಲಿ ಶೇ. 15ರಷ್ಟು ಮಂದಿಗೆ ಮಾತ್ರೆ ಕಡಿಮೆ ಮಾಡಿದರೂ ನಿಲ್ಲದ ಅಂಗಾಂಗ ಚಲನೆ ಅಂಟಿಕೊಂಡಿತ್ತು.

ಈಗ ನಿಮಗೆ ಹೇಳಿದ ಇಂಜೆಕ್ಷನ್. ಸಾಮಾನ್ಯವಾಗಿ ಇದರಲ್ಲಿ ರೋಗಿಯ ಸೊಂಟದ ಮೂಳೆಯ ಮಜ್ಜೆಯಿಂದಲೋ ಹೊಟ್ಟೆಯ ಕೊಬ್ಬಿನಿಂದಲೋ ತೆಗೆದ ಕೋಶವನ್ನು ಬೆನ್ನುಹುರಿಯ ದ್ರವಕ್ಕೆ ಅಥವಾ ರಕ್ತನಾಳಕ್ಕೆ ಕೊಡುತ್ತಾರೆ. ರಕ್ತನಾಳಕ್ಕೆ ಕೊಟ್ಟದ್ದರಲ್ಲಿ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತದೆ. ಬೆನ್ನಿಗೆ ಕೊಟ್ಟದ್ದು ಪ್ಯುಟಾಮೆನ್ ಸೇರಿ ಡೋಪಮೈನ್ ನರಕೋಶವಾಗಿ ನೆಲೆಸುತ್ತದೆ ಎನ್ನಲು ಆಧಾರವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಅಸ್ಥಿಮಜ್ಜೆ ಕಸಿಯ ಹೊರತು ಸ್ಟೆಮ್ ಸೆಲ್ ಅನ್ನು ಮಾಮೂಲಿ ಚಿಕಿತ್ಸೆಯಾಗಿ ಕೊಡುವಂತಿಲ್ಲ. ಉಳಿದದ್ದೆಲ್ಲ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲೇ ಆಗಬೇಕು. ಇದು ಟ್ರಯಲ್ ಎಂದು ಅವರು ಹೇಳಿದರೆ, ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐನ ಸಂಖ್ಯೆ ಕೇಳಿ, ಆ ಜಾಲತಾಣದಲ್ಲಿ ನೀವೇ ಹುಡುಕಿ. ರೋಗಿಯಿಂದ ಇಂಜೆಕ್ಷನ್‌ಗೆ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ತಂದೆಯವರ ಮೂರು ಗಂಟೆಯ ಸಮಸ್ಯೆಗೆ ಇಂದೇ ಮಾಡಬಹುದಾದದ್ದು ಸಾಕಷ್ಟಿದೆ. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆ ಬಿಟ್ಟು ಕೊಡಿ. ಕರುಳಿನಲ್ಲಿ ಪ್ರೋಟೀನ್ ಅದಕ್ಕೆ ಅಡ್ಡ ಬರುತ್ತದೆ. ಬಂಗುಡೆ, ಬೂತಾಯಿ, ಮೊಟ್ಟೆ ನಿಲ್ಲಿಸಬೇಕಿಲ್ಲ, ಹೆಚ್ಚಿನ ಪಾಲನ್ನು ರಾತ್ರಿಯ ಊಟಕ್ಕೆ ಇಡಿ. ಕಬ್ಬಿಣಾಂಶದ ಮಾತ್ರೆ ಇದ್ದರೆ ಎರಡು ಗಂಟೆ ಅಂತರವಿರಲಿ. ವಾಕರಿಕೆಗೆ ಮೆಟೊಕ್ಲೋಪ್ರಮೈಡ್ ಬೇಡ, ನಡುಕ-ಬಿಗಿತ ಹೆಚ್ಚುತ್ತದೆ. ಒಂದು ವಾರ ಮಾತ್ರೆ ಕೊಟ್ಟ ಹೊತ್ತು, ಊಟದ ಹೊತ್ತು, ಮೈ ಬಿಗಿದ ಹೊತ್ತು ಮೂರನ್ನೂ ಬರೆದಿಟ್ಟು ಮಂಗಳೂರಿನಲ್ಲೋ ಮಣಿಪಾಲದಲ್ಲೋ ನರರೋಗ ತಜ್ಞರಿಗೆ ತೋರಿಸಿ. ಮಾತ್ರೆಗಳ ಅಂತರ ಕಡಿಮೆ ಮಾಡಿ ಲೆವೊಡೋಪಾ ಪರಿಣಾಮವನ್ನು ಹೆಚ್ಚು ಹೊತ್ತು ಉಳಿಸುವ ಎಂಟಾಕಪೋನ್‌ನಂಥ ಮದ್ದನ್ನು ಸೇರಿಸುವ ದಾರಿ ಇದೆ. ನೆನಪುಶಕ್ತಿ ಚೆನ್ನಾಗಿದ್ದು ಮಾತ್ರೆಗೆ ಈಗಲೂ ಒಳ್ಳೆಯ ಸ್ಪಂದನೆ ಇದ್ದರೆ ಡೀಪ್ ಬ್ರೈನ್ ಸ್ಟಿಮ್ಯುಲೇಶನ್ (ಮಿದುಳಿಗೆ ತೆಳು ತಂತಿ ಇಳಿಸಿ ಸಣ್ಣ ವಿದ್ಯುತ್ ಮಿಡಿತ ಕೊಡುವ ಶಸ್ತ್ರಚಿಕಿತ್ಸೆ) ಬಗ್ಗೆ ನೀವಾಗಿಯೇ ವಿಚಾರಿಸಿ.

ಇಂಜೆಕ್ಷನ್ ಆಗಲೇ ಆಗಿಬಿಟ್ಟಿದ್ದರೂ ಲೆವೊಡೋಪಾ ನಿಲ್ಲಿಸಬೇಡಿ, ಹಠಾತ್ ನಿಲ್ಲಿಸಿದರೆ ವಿಪರೀತ ಜ್ವರ, ಬಿಗಿತ ಬಂದು ಜೀವಕ್ಕೇ ಅಪಾಯ. ಬೆನ್ನಿಗೆ ಸೂಜಿ ಹಾಕಿದ ನಂತರ ಜ್ವರ, ಕುತ್ತಿಗೆ ಬಿಗಿತ, ತಡೆಯಲಾಗದ ತಲೆನೋವು ಬಂದರೆ ಆ ಕ್ಲಿನಿಕ್‌ಗೆ ಫೋನ್ ಮಾಡುತ್ತ ಕೂರದೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.