ಮೊದಲ ವರ್ಷಕ್ಕಿಂತ ಎರಡನೆಯದು ಕಷ್ಟ

ಇಪ್ಪತ್ತರ ಆಸುಪಾಸಿನಲ್ಲಿ ಶುಗರ್ ಬಂದವರು ಮೊದಲ ಕೆಲವು ತಿಂಗಳು ನಾವು ಹೇಳಿದ್ದಕ್ಕಿಂತ ಹೆಚ್ಚೇ ಮಾಡುತ್ತಾರೆ. ಗಂಟೆಗೊಮ್ಮೆ ಬೆರಳು ಚುಚ್ಚಿಕೊಳ್ಳುತ್ತಾರೆ, ತುತ್ತು ತುತ್ತಿಗೂ ಲೆಕ್ಕ ಬರೆದಿಡುತ್ತಾರೆ. ಭಯ ಅವರನ್ನು ನಡೆಸುತ್ತಿರುತ್ತದೆ, ಮನೆಮಂದಿಯೆಲ್ಲ ಸುತ್ತ ಇರುತ್ತಾರೆ. ಆಮೇಲೆ ಭಯ ಹಳತಾಗುತ್ತದೆ, ಮನೆಯವರು ಅವರವರ ಕೆಲಸಕ್ಕೆ ಮರಳುತ್ತಾರೆ. ಸೂಜಿ ಮಾತ್ರ ದಿನಾ ಇರುತ್ತದೆ. ಹೊಂದಿಕೊಳ್ಳುವ ನಿಜವಾದ ಕೆಲಸ ಅಲ್ಲಿಂದ ಶುರು ಎನ್ನುವುದು ನನ್ನ ಅನುಭವ.

ಅದಕ್ಕೂ ಮೊದಲು ತಮಗೆ ಬಂದಿರುವುದು ಯಾವ ಶುಗರ್ ಎಂಬುದು ಗೊತ್ತಿರಬೇಕು. ಟೈಪ್ 1 ಆದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡಿರುತ್ತದೆ. ಸಿಹಿ ತಿಂದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದ ಟೈಪ್ 2 ಈಗ ಹದಿಹರೆಯದಲ್ಲೂ ಕಾಣುತ್ತಿದೆ. ಇನ್ನು ಒಂದೇ ಜೀನ್‌ನ ದೋಷದಿಂದ ತಲೆಮಾರಿನಿಂದ ತಲೆಮಾರಿಗೆ ಬರುವ 'ಮೋಡಿ' ಎಂಬ ಬಗೆಯಿದೆ. ಅದರಲ್ಲಿ ಕೆಲವರಿಗೆ ಮಾತ್ರೆಯೇ ಸಾಕಾಗುತ್ತದೆ. ವಯಸ್ಸು ಮತ್ತು ಮೈಕಟ್ಟು ನೋಡಿ ಊಹಿಸುವ ಬದಲು, ದೇಹ ಇನ್ನೂ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತೋರಿಸುವ ಸಿ-ಪೆಪ್ಟೈಡ್, ಬೀಟಾ ಕೋಶಗಳ ಮೇಲೆ ದಾಳಿಯ ಸುಳಿವು ಕೊಡುವ ಜಿಎಡಿ ಆ್ಯಂಟಿಬಾಡಿ ಪರೀಕ್ಷೆ ಮಾಡಿಸುವುದು ವಾಸಿ. ಈ ಪರೀಕ್ಷೆಗಳ ಬಗ್ಗೆ ನಿಮ್ಮ ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಟೈಪ್ 1ರಲ್ಲಿ ಮೊದಲ ವರ್ಷವೇ ಒಂದು ಮೋಸದ ತಿರುವು ಬರುತ್ತದೆ. ಇನ್ಸುಲಿನ್ ಶುರು ಮಾಡಿದ ಮೇಲೆ, ಉಳಿದಿದ್ದ ಅಷ್ಟಿಷ್ಟು ಬೀಟಾ ಕೋಶಗಳು ಸುಧಾರಿಸಿಕೊಂಡು ಮತ್ತೆ ಕೆಲಸಕ್ಕಿಳಿಯುತ್ತವೆ. ಡೋಸ್ ಇಳಿಯುತ್ತದೆ, ರೀಡಿಂಗ್ ಚೆನ್ನಾಗಿ ಬರುತ್ತದೆ. ಇದಕ್ಕೆ ನಾವು ಹನಿಮೂನ್ ಹಂತ ಎನ್ನುತ್ತೇವೆ. ಕೆಲವರಿಗೆ ವಾರಗಳು, ಹಲವರಿಗೆ ತಿಂಗಳುಗಳು. "ಡಾಕ್ಟ್ರೇ, ವಾಸಿಯಾಯ್ತು ಅನ್ಸತ್ತೆ, ಸೂಜಿ ಬಿಡಲಾ?" ಎಂದು ಕೇಳುವುದು ಈ ಹಂತದಲ್ಲೇ. ಸೂಜಿ ಬಿಡಿಸುತ್ತೇವೆ ಎನ್ನುವವರ ಔಷಧ 'ಫಲ ಕೊಡುವುದೂ' ಈ ಹಂತದಲ್ಲೇ. ಡೋಸ್ ಕಡಿಮೆ ಮಾಡಬಹುದು, ಪೂರ್ತಿ ಬಿಡುವ ಹಾಗಿಲ್ಲ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಕೊಡುವವರೆಗೆ ಇಂಥ ಮಕ್ಕಳಿಗೆ ಇದ್ದ ಚಿಕಿತ್ಸೆ ಅರೆಹೊಟ್ಟೆಯಲ್ಲಿ ಇಡುವುದೊಂದೇ; ಅದರಿಂದ ಸಾವು ಸ್ವಲ್ಪ ಮುಂದಕ್ಕೆ ಹೋಗುತ್ತಿತ್ತು, ಅಷ್ಟೆ. ಇನ್ಸುಲಿನ್ ಸಿಕ್ಕ ಆ ಹುಡುಗ ಇನ್ನೂ 13 ವರ್ಷ ಬದುಕಿದ.

ಹನಿಮೂನ್ ಮುಗಿದಾಗ ಡೋಸ್ ಏರುತ್ತದೆ. ಮೊದಲಿನಷ್ಟೇ ಪಥ್ಯ ಮಾಡಿದರೂ ರೀಡಿಂಗ್ 250 ದಾಟುತ್ತದೆ. ಇದು ಕಾಯಿಲೆಯ ಸಹಜ ಗತಿ. ಆದರೆ ಹುಡುಗನಿಗೂ ಅವನ ಮನೆಯವರಿಗೂ ಅದು ಅವನ ತಪ್ಪಿನಂತೆಯೇ ಕಾಣುತ್ತದೆ. ಅಲ್ಲಿಂದಲೇ ಸುಳ್ಳು ಡೈರಿಗಳು ಹುಟ್ಟುವುದು. ಒಂದೇ ಪೆನ್ನಿನಲ್ಲಿ ಒಂದೇ ಸಲಕ್ಕೆ ಬರೆದ ತಿಂಗಳ ಲೆಕ್ಕ, ಎಲ್ಲವೂ 110, 120, 130 ಎಂದು ಸೊನ್ನೆಯಲ್ಲೇ ಮುಗಿಯುವ ಅಂಕಿಗಳು. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಬೇರೆ ಕಥೆ ಹೇಳುತ್ತಿರುತ್ತದೆ. ಅದು ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ ಅದಕ್ಕೆ ಸುಳ್ಳು ಬರೆಯಲು ಆಗುವುದಿಲ್ಲ. ಇಂಥ ಡೈರಿ ಕಂಡಾಗ ನಾನು ಹುಡುಗನನ್ನು ಗದರುವುದಿಲ್ಲ. 280 ಬಂದ ದಿನ ಮನೆಯಲ್ಲಿ ಏನಾಗುತ್ತದೆ ಎಂದು ಕೇಳುತ್ತೇನೆ. ಸಾಮಾನ್ಯವಾಗಿ ಉತ್ತರ ಒಂದೇ: "ಏನ್ ತಿಂದೆ?" ಅಂತಾರೆ.

ಅಪ್ಪ-ಅಮ್ಮಂದಿರಿಗೆ ನನ್ನದೊಂದು ಕೋರಿಕೆ. ಆ ಪ್ರಶ್ನೆಯ ಜಾಗದಲ್ಲಿ "ಈಗೇನು ಮಾಡ್ತೀಯಾ?" ಎಂದು ಕೇಳಿ ನೋಡಿ. ಊಟವೊಂದೇ ಕಾರಣ ಅಲ್ಲವೇ ಅಲ್ಲ. ನಿದ್ದೆಗೆಟ್ಟಿದ್ದು, ನೆಗಡಿ-ಜ್ವರ, ಪರೀಕ್ಷೆಯ ಆತಂಕ, ಮುಟ್ಟಿನ ಹಿಂದಿನ ದಿನಗಳು, ಬೆಳವಣಿಗೆಯ ಹಾರ್ಮೋನು, ಎಲ್ಲವೂ ಶುಗರ್ ಏರಿಸುತ್ತವೆ. ನೋವಾಗುವುದಿಲ್ಲವೆಂದು ಹೊಟ್ಟೆಯ ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ಸೂಜಿ ಹಾಕಿಕೊಂಡವರಿಗೆ ಅಲ್ಲಿ ಗಂಟು ಕಟ್ಟಿರುತ್ತದೆ. ಅಲ್ಲಿಂದ ಇನ್ಸುಲಿನ್ ಒಂದು ದಿನ ಹೀರಿಕೊಂಡಂತೆ ಇನ್ನೊಂದು ದಿನ ಹೀರಿಕೊಳ್ಳುವುದಿಲ್ಲ. ಅಂಗಿ ಎತ್ತಿಸಿ ಕೈಯಾಡಿಸಿದರೆ ಎಷ್ಟೋ ಸಲ ಉತ್ತರ ಬೆರಳಿಗೇ ಸಿಗುತ್ತದೆ.

ಹೆಚ್ಚಿದೆ ಎಂದ ಕೂಡಲೇ ಗಂಟೆಗೊಂದು ಡೋಸ್ ಚುಚ್ಚಿಕೊಳ್ಳುವುದು ಇನ್ನೊಂದು ಅತಿ. ವೇಗದ ಇನ್ಸುಲಿನ್ ನಾಲ್ಕು ಗಂಟೆಯವರೆಗೂ ಕೆಲಸ ಮಾಡುತ್ತಿರುತ್ತದೆ. ಮೇಲಿಂದ ಮೇಲೆ ಹಾಕಿದರೆ ಎಲ್ಲ ಒಟ್ಟಿಗೆ ಸೇರಿ ಶುಗರ್ ಪಾತಾಳಕ್ಕೆ ಇಳಿಯುತ್ತದೆ.

ಈ 'ಲೋ' ಆಗುವ ಭಯವನ್ನು ವೈದ್ಯರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ ಎಂಬ ತಕರಾರು ನನಗಿದೆ. ಒಮ್ಮೆ ಗೆಳೆಯರ ಮುಂದೆ ಬೆವತು, ತೊದಲಿ, ಕುಸಿದು ಬಿದ್ದವರು ಆಮೇಲೆ ಶುಗರ್ ಅನ್ನು ಬೇಕೆಂದೇ 200ರ ಮೇಲೆ ಇಟ್ಟುಕೊಳ್ಳುತ್ತಾರೆ. ಅದು ಸೋಮಾರಿತನವಲ್ಲ, ಮರ್ಯಾದೆಯ ಪ್ರಶ್ನೆ. 70ಕ್ಕಿಂತ ಕೆಳಗೆ ಹೋದರೆ 15 ಗ್ರಾಂ ಗ್ಲೂಕೋಸ್ ಅಥವಾ ಮೂರು ಟೀ ಚಮಚ ಸಕ್ಕರೆ ಕದಡಿದ ನೀರು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು. ಶುಗರ್ ಏರಿಸುವ ಔಷಧ ಗ್ಲುಕಗಾನ್ ಇದ್ದರೆ ಕೊಡಬೇಕು, ಇಲ್ಲವೇ ಆಸ್ಪತ್ರೆಗೆ ಓಡಬೇಕು. ಸಂಜೆ ಜೋರಾಗಿ ಆಟ ಆಡಿದರೆ ನಡುರಾತ್ರಿ ಲೋ ಆಗಬಹುದು. ಮದ್ಯ ಕುಡಿದರೂ ಹಾಗೆಯೇ, ಯಕೃತ್ತು ಗ್ಲೂಕೋಸ್ ಬಿಡುಗಡೆ ಮಾಡುವುದನ್ನು ಮರೆತಿರುತ್ತದೆ. ಇದನ್ನೆಲ್ಲ ತಿಳಿದಿರುವ ಗೆಳೆಯ ಒಬ್ಬನಾದರೂ ಬೇಕು. ಎಲ್ಲರಿಗೂ ಸಾರಬೇಕಿಲ್ಲ.

ಇಷ್ಟೆಲ್ಲ ಒದ್ದಾಟ ಬೇಕೇ? ಶುಗರ್ ಅನ್ನು ಬಿಗಿಯಾಗಿ ಹಿಡಿತದಲ್ಲಿಟ್ಟವರನ್ನೂ ಸಾಮಾನ್ಯ ಚಿಕಿತ್ಸೆಯವರನ್ನೂ ಹೋಲಿಸಿ 1993ರಲ್ಲಿ ಪ್ರಕಟವಾದ ಡಿಸಿಸಿಟಿ ಅಧ್ಯಯನದಲ್ಲಿ ಇದ್ದವರು 13ರಿಂದ 39ರ ವಯಸ್ಸಿನ 1,441 ಮಂದಿ, ಎಲ್ಲರೂ ಟೈಪ್ 1ರವರು. ಎಚ್‌ಬಿಎ1ಸಿಯನ್ನು 9%ರ ಬದಲು 7%ರ ಹತ್ತಿರ ಇಟ್ಟುಕೊಂಡವರಲ್ಲಿ ಹೊಸದಾಗಿ ಕಣ್ಣಿನ ಅಕ್ಷಿಪಟಲದ (ರೆಟಿನಾದ) ತೊಂದರೆ, ಅಂದರೆ ರೆಟಿನೋಪತಿ, ಶುರುವಾಗುವ ಸಾಧ್ಯತೆ 76% ಕಡಿಮೆಯಾಗಿತ್ತು. ತೀವ್ರ ಲೋ ಸುಮಾರು ಮೂರು ಪಟ್ಟು ಹೆಚ್ಚಿತ್ತು ಎಂಬುದನ್ನೂ ಹೇಳಬೇಕು. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪಿನ ಎಚ್‌ಬಿಎ1ಸಿ ಹೆಚ್ಚುಕಡಿಮೆ ಒಂದೇ ಆಯಿತು, ಆದರೂ ಮೊದಲು ಚೆನ್ನಾಗಿ ಇಟ್ಟುಕೊಂಡವರ ಲಾಭ ವರ್ಷಗಟ್ಟಲೆ ಉಳಿಯಿತು. ಹಾಗಾಗಿಯೇ ಬೇಸರ ಬರುವ ಈ ಎರಡನೇ, ಮೂರನೇ ವರ್ಷಗಳ ಬಗ್ಗೆ ನನಗೆ ಇಷ್ಟು ಕಾಳಜಿ.

ಬೇಸರ ಬಂದೇ ಬರುತ್ತದೆ. ಆ ವಾರಗಳಿಗೆಂದು ನಾನು ಪಟ್ಟಿಯನ್ನು ಚಿಕ್ಕದು ಮಾಡಿಕೊಡುತ್ತೇನೆ. ದೀರ್ಘಾವಧಿಯ ಇನ್ಸುಲಿನ್ ತಪ್ಪಿಸಬೇಡಿ, ವಾಂತಿಯಾಗಿ ಊಟ ಬಿಟ್ಟ ದಿನವೂ. ಅಂಥ ದಿನ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ರಕ್ತದಲ್ಲಿ ಸೇರುವ ಆಮ್ಲ) ನೋಡಿ, ಹೊಟ್ಟೆನೋವು, ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಮಲಗುವ ಮುಂಚೆ ಮತ್ತು ಗಾಡಿ ಓಡಿಸುವ ಮುಂಚೆ ಶುಗರ್ ನೋಡಿಕೊಳ್ಳಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಊಟದ ಲೆಕ್ಕ ಒಂದು ವಾರ ಬರೆಯದಿದ್ದರೂ ಪರವಾಗಿಲ್ಲ. ಬೇಸರ ತಿಂಗಳುಗಟ್ಟಲೆ ಹೋಗದೆ, ನಿದ್ದೆ, ಓದು, ಕೆಲಸ ಎಲ್ಲ ಕೆಟ್ಟರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣುವುದೂ ಚಿಕಿತ್ಸೆಯ ಭಾಗವೇ.

ಮುಂದಿನ ಸಲ ಬರುವಾಗ ಡೈರಿ ಬೇಡ, ಮೀಟರನ್ನೇ ತನ್ನಿ. ಅಮ್ಮ ಜೊತೆಗೆ ಬರಲಿ, ಮೊದಲ ಹತ್ತು ನಿಮಿಷ ಹೊರಗೆ ಕೂತಿರಲಿ. ರೀಡಿಂಗ್ ಕೆಟ್ಟಿದೆಯೆಂದು ತಪಾಸಣೆಯನ್ನು ಮುಂದೂಡಬೇಡಿ. ಡೋಸ್ ಬದಲಿಸಬೇಕಾಗಿರುವುದು ಅಂಥ ತಿಂಗಳಲ್ಲೇ.