ಅಂಗೋಲಾ: ಹೊರಗಿನವರು ಹೋದ ಮೇಲೂ ಯುದ್ಧ ಯಾಕೆ ನಿಲ್ಲಲಿಲ್ಲ?

ಪೋರ್ಚುಗೀಸರು 1975ರ ನವೆಂಬರ್ 11ರಂದು ಅಂಗೋಲಾ ಬಿಟ್ಟರು. ಅಷ್ಟರಲ್ಲೇ ಮೂರು ಗುಂಪುಗಳು ಅಧಿಕಾರಕ್ಕೆ ಬಡಿದಾಡುತ್ತಿದ್ದವು. ಎಫ್‌ಎನ್‌ಎಲ್‌ಎ ಬೇಗ ಸೋತಿತು, ಅದನ್ನು ಬಿಡೋಣ. ರಾಜಧಾನಿ ಲುವಾಂಡಾ ಹಿಡಿದ ಎಂಪಿಎಲ್‌ಎಗೆ ಸೋವಿಯತ್ ಆಯುಧ, ಕ್ಯೂಬಾ ಸೈನಿಕರು. ಜೊನಾಸ್ ಸವಿಂಬಿಯ ಉನಿಟಾಗೆ ದಕ್ಷಿಣ ಆಫ್ರಿಕಾ, ಅಮೆರಿಕ.

ನಾನು ಪುಟದ ಮಧ್ಯೆ ಗೆರೆ ಎಳೆದು ಎಡಕ್ಕೆ ಸೋವಿಯತ್, ಬಲಕ್ಕೆ ಅಮೆರಿಕ ಎಂದು ಬರೆದುಕೊಂಡಿದ್ದೆ. ಅಂಗೋಲಾದ ತೈಲ ಪ್ರಾಂತ್ಯ ಕಬಿಂಡಾ ಬಂದಾಗ ಲೆಕ್ಕ ತಪ್ಪಿತು. ಅಲ್ಲಿ ತೈಲ ತೆಗೆಯುತ್ತಿದ್ದುದು ಅಮೆರಿಕದ ಗಲ್ಫ್ ಕಂಪನಿ, ಆಮೇಲೆ ಶೆವ್ರಾನ್. ತೆರಿಗೆ ಹೋಗುತ್ತಿದ್ದುದು ಎಂಪಿಎಲ್‌ಎ ಸರ್ಕಾರಕ್ಕೆ. ಕಾವಲು ನಿಂತವರು ಕ್ಯೂಬಾ ಸೈನಿಕರು! 1986ರಿಂದ ಅದೇ ಅಮೆರಿಕ ಉನಿಟಾಗೆ ಸ್ಟಿಂಗರ್ ಕ್ಷಿಪಣಿ ಕೊಟ್ಟಿತು. ಆಗ ಮೇಲಿನ ಸಾಲನ್ನು ಬದಲಿಸಿದೆ: 'ಯಾರ ಕಡೆ' ಹೊಡೆದು ಹಾಕಿ 'ದುಡ್ಡು ಎಲ್ಲಿಂದ' ಎಂದು ಬರೆದೆ. ಆಮೇಲೆ ಇಷ್ಟು ಭಾಗ ಸುಲಭವಾಯಿತು.

ಜಾಸ್ತಿ ತಲೆಕೆಟ್ಟಿದ್ದು ಮುಂದಿನ ಹಂತದಲ್ಲಿ. 1988ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಒಪ್ಪಂದ: ಕ್ಯೂಬಾ ಸೈನ್ಯ ವಾಪಸ್, ನಮೀಬಿಯಾಗೆ ದಕ್ಷಿಣ ಆಫ್ರಿಕಾದಿಂದ ಸ್ವಾತಂತ್ರ್ಯ. 1991ರ ಮೇ ತಿಂಗಳಲ್ಲಿ ಸರ್ಕಾರಕ್ಕೂ ಉನಿಟಾಗೂ ನಡುವೆ ಬಿಸೆಸ್ ಶಾಂತಿ ಒಪ್ಪಂದ, ಅದೇ ವರ್ಷ ಸೋವಿಯತ್ ಒಕ್ಕೂಟವೇ ಇಲ್ಲ. ಬೆಂಕಿಗೆ ಸೌದೆ ಹಾಕುತ್ತಿದ್ದವರು ಹೋದರೆ ಬೆಂಕಿ ಆರಬೇಕು, ಅಲ್ವಾ? ಆರಲಿಲ್ಲ. 1992ರ ಅಧ್ಯಕ್ಷ ಚುನಾವಣೆಯಲ್ಲಿ ಎಂಪಿಎಲ್‌ಎಯ ಡಾಸ್ ಸಾಂಟೋಸ್‌ಗೆ ಸುಮಾರು 49.6%, ಸವಿಂಬಿಗೆ 40%. ಅರ್ಧ ದಾಟದ ಕಾರಣ ಎರಡನೇ ಸುತ್ತು ಆಗಬೇಕಿತ್ತು. ಸವಿಂಬಿ ಮೋಸ ಎಂದ. ಉನಿಟಾದ ಸೈನ್ಯ ಪೂರ್ತಿ ಆಯುಧ ಕೆಳಗಿಟ್ಟಿರಲಿಲ್ಲ. ಮತ್ತೆ ಯುದ್ಧ.

ಈಗ 'ದುಡ್ಡು ಎಲ್ಲಿಂದ' ಎಂದು ಕೇಳಿ. ಸರ್ಕಾರಕ್ಕೆ ಕಡಲ ತೈಲ, ಉನಿಟಾಗೆ ಈಶಾನ್ಯದ ಲುಂಡಾ ಕಡೆಯ ವಜ್ರ. ಇಬ್ಬರಿಗೂ ಸ್ವಂತ ಸೌದೆ ಸಿಕ್ಕಿತ್ತು. ಇನ್ನೂ ಒಂದು ಸೂಕ್ಷ್ಮ ಇದೆ, ಇದು ಹೊಳೆಯಲು ನನಗೆ ಎರಡು ದಿನ ಹಿಡಿಯಿತು. ಹೊರಗಿನವರು ಸೌದೆ ಕೊಡುವವರು ಮಾತ್ರವಲ್ಲ, ಲಗಾಮು ಹಿಡಿದವರೂ ಹೌದು. 1988ರಲ್ಲಿ ದೊಡ್ಡವರು ಒತ್ತಿದ್ದಕ್ಕೇ ಎಲ್ಲರೂ ಮೇಜಿಗೆ ಬಂದರು. ವಜ್ರದ ದುಡ್ಡಿಗೆ ಅಂಥ ಲಗಾಮು ಇರಲಿಲ್ಲ. ಇಬ್ಬರ ನಡುವಿನ 1994ರ ಲುಸಾಕಾ ಶಾಂತಿ ಒಪ್ಪಂದವೂ ಉಳಿಯಲಿಲ್ಲ.

ಸವಿಂಬಿ 2002ರ ಫೆಬ್ರವರಿ 22ರಂದು ಸತ್ತ. ಏಪ್ರಿಲ್ 4ಕ್ಕೆ ಕದನವಿರಾಮ, ಬರೀ 41 ದಿನ. ಹಾಗಂತ ಒಬ್ಬನ ಸಾವೇ ಕಾರಣ ಎಂದು ಸುಮ್ನೆ ಬರೆದುಬಿಡಬೇಡಿ. 1998ರಲ್ಲೇ ವಿಶ್ವಸಂಸ್ಥೆ ಉನಿಟಾ ವಜ್ರಕ್ಕೆ ನಿಷೇಧ ಹಾಕಿತ್ತು. 1999ರಲ್ಲಿ ಅವನ ಭದ್ರಕೋಟೆಗಳಾದ ಬೈಲುಂಡೊ, ಅಂದುಲೊ ಎರಡೂ ಕೈತಪ್ಪಿದ್ದವು.